ಇಪ್ಪತ್ತನಾಲ್ಕು ಗಂಟೆಯ ನೆನಪು

ನಿನ್ನೆ ಎದ್ದಾಗಿನಿಂದ ಇವತ್ತು ಏಳುವ ತನಕ
ಏನು ತಿಂದಿರಿ, ಏನು ಕುಡಿದಿರಿ, ನೆನಪು ಮಾಡಿ ಹೇಳಿ.
ಹೀಗೆ ಕೇಳಬೇಕೆಂದು ಕೈಪಿಡಿಯಲ್ಲಿದೆ.
ಮುಖದಲ್ಲಿ ಮೆಚ್ಚುಗೆ ಬೇಡ, ಆಶ್ಚರ್ಯವೂ ಬೇಡ
ಎಂದೂ ಇದೆ, ಪುಟ ಹನ್ನೊಂದು.

ತಿತಿಮತಿ ದಾಟಿ, ಆನೆ ಕಂದಕದ ಹಲಗೆ ದಾಟಿ
ಹಾಡಿಯ ಕೊನೆಯ ಮನೆ. ಕ್ರಮಸಂಖ್ಯೆ ನಲವತ್ತೊಂದು.
ಜನವರಿ. ಬಾಯಿ ತೆರೆದರೆ ಹೊಗೆ.
ಹೆಸರು ಬೊಳ್ಳಿ. ವಯಸ್ಸು ಕೇಳಿದರೆ
ಬೇಲಿಯ ಹಲಸಿನ ಮರ ತೋರಿಸಿದಳು.
ಮರವನ್ನೊಮ್ಮೆ ಮೇಲಿಂದ ಕೆಳಗೆ ನೋಡಿ
‘ಅಂದಾಜು ನಲವತ್ತು’ ಎಂದು ಬರೆದೆ.

ಚೀಲದಿಂದ ಅಳತೆಯ ಬಟ್ಟಲು ತೆಗೆದು ಸಾಲಾಗಿಟ್ಟೆ.
ಅವಳ ಮೊಮ್ಮಗ ದೊಡ್ಡದನ್ನು ತಲೆಗೆ ಹಾಕಿಕೊಂಡು
ಕೋಳಿಗಳ ನಡುವೆ ಪೊಲೀಸ್ ಆದ.

ಬೆಳಿಗ್ಗೆ? ಕರಿ ಕಾಪಿ.
ಬೆಲ್ಲ? ಇದ್ದರೆ.
ನಿನ್ನೆ ಇತ್ತಾ? ನಿನ್ನೆ ಎಲ್ಲಿ.
ತೋಟದಲ್ಲಿ ಹತ್ತು ಗಂಟೆಗೆ? ಕಾಪಿ.
ದಿನಕ್ಕೆ ಎರಡು ಮೂಟೆ ಹಣ್ಣು ಕೊಯ್ಯುವವಳ ಲೋಟದಲ್ಲಿ
ಪೇಟೆಯ ಪುಡಿ, ಅರ್ಧಕ್ಕರ್ಧ ಚಿಕೋರಿ.
ಚಿಕೋರಿಗೆ ಕೋಡ್ ಇದೆ, ಹಾಕಿದೆ.

ಮಧ್ಯಾಹ್ನ? ಗಂಜಿ, ರೇಷನ್ ಅಕ್ಕಿಯದು.
ಜೊತೆಗೆ?
ಸುಮ್ಮನಾದಳು.
ನನ್ನ ಕೊರಳ ಕಾರ್ಡು ನೋಡಿದಳು, ಹಸಿರು ಪಟ್ಟಿ.
ಫಾರೆಸ್ಟಿನವರದ್ದೂ ಹಸಿರೇ.
ತೆಗೆದು ಚೀಲಕ್ಕೆ ಹಾಕಿದೆ.
ಸ್ವಲ್ಪ ಹೊತ್ತು ಕೋಳಿಗಳಷ್ಟೇ ಮಾತಾಡಿದವು.

ಆಮೇಲೆ ಒಳಗೆ ಹೋಗಿ ತಂದಳು,
ಮಣ್ಣು ಮೆತ್ತಿದ ನೂರೆ ಗೆಣಸು, ಮೊಣಕೈ ಉದ್ದ.
ನನ್ನ ಪಟ್ಟಿಯಲ್ಲಿ ಐನೂರ ಇಪ್ಪತ್ತೆಂಟು ಆಹಾರ,
ಕಿವಿ ಹಣ್ಣಿದೆ, ಬ್ರಾಕೊಲಿ ಇದೆ, ಇದಿಲ್ಲ.
‘ಇತರೆ’ಗೆ ಒಂಬತ್ತು ಒಂಬತ್ತು ಒಂಬತ್ತು.
ಇತರೆ ಜಾಸ್ತಿ ಆದರೆ ಟೇಬಲ್ ನಿಲ್ಲಲ್ಲ ಕಣೇ,
ದೇಚಮ್ಮ ಮೇಡಂ ಮೊದಲೇ ಹೇಳಿದ್ದರು.

ಇದರಲ್ಲೊಂದು ತುಂಡು ಕೊಡ್ತೀರಾ, ಕಾಲೇಜಿಗೆ?
ಏನು ಮಾಡ್ತೀರಿ?
ಸುಡ್ತೇವೆ.
ಸುಟ್ಟು ತಿಂತೀರಾ?
ಇಲ್ಲ. ಬೂದಿ ಮಾಡಿ ತೂಗ್ತೇವೆ.
ಬೊಳ್ಳಿ ನಕ್ಕಳು. ಪಕ್ಕದ ಮನೆಗೆ ಕೂಗಿ ಹೇಳಿದಳು,
ಅಲ್ಲಿಂದಲೂ ನಗು ಬಂತು. ಅವರ ಮಾತಿನಲ್ಲಿ
ಬೂದಿಗೆ ಏನನ್ನುತ್ತಾರೋ, ಆ ಪದ
ಮೂರು ನಾಲ್ಕು ಸಲ ಅಂಗಳ ದಾಟಿ ಓಡಾಡಿತು.
ನಾನೂ ನಕ್ಕೆ. ಪುಟ ಹನ್ನೊಂದು ಮರೆತೆ.

ಬೆರಳು ಚುಚ್ಚಿದೆ. ಎಂಟು ಪಾಯಿಂಟ್ ಎರಡು.
ಹನ್ನೆರಡು ಇರಬೇಕು ಅಂದೆ.
ಯಾರ ಹತ್ರ ಇರುತ್ತೆ ಹನ್ನೆರಡು? ಅಂದಳು.
ಯಂತ್ರ ಸರಿಯಿದೆಯಾ ನೋಡಲು ಹಾಸ್ಟೆಲಿನಲ್ಲಿ
ನಾನೇ ಚುಚ್ಚಿಕೊಂಡಿದ್ದೆ. ಒಂಬತ್ತೂವರೆ.
ಅದನ್ನು ಹೇಳಲಿಲ್ಲ.

ರಾತ್ರಿ? ಏಡಿ ಸಾರು.
ಅವ ತೋಡಿನಲ್ಲಿ ಹಿಡಿದು ತಂದ.
ಏಡಿ ಎಷ್ಟು? ಮೂರು.
ಅದರಲ್ಲಿ ನೀವು ತಿಂದದ್ದು?
ಕಾಲು.
ನಾನು ಸೊನ್ನೆ ಪಾಯಿಂಟ್ ಎರಡು ಐದು ಎಂದು ಬರೆದು
ಕೆಳಗೆ ಗೆರೆ ಎಳೆದೆ. ಜೀಪು ಹಾರ್ನ್ ಹೊಡೆಯಿತು.

ಗೋಣಿಕೊಪ್ಪದ ರೂಮು. ಕೆಳಗೆ ಗೊಬ್ಬರದ ಅಂಗಡಿ,
ಲ್ಯಾಪ್‌ಟಾಪಿಗೂ ಯೂರಿಯಾ ವಾಸನೆ.
ಒಂದೊಂದೇ ಸಾಲು ತುಂಬುತ್ತಾ ನಲವತ್ತೊಂದಕ್ಕೆ ಬಂದೆ.
ಏಡಿ, ಹೊಳೆಯದು. ಪ್ರಮಾಣ, ಕಾಲು.
ಪ್ರೋಟೀನು, ಸುಣ್ಣ, ಸತು, ಕಬ್ಬಿಣ
ಟಕಟಕ ಲೆಕ್ಕವಾಗಿ ಪಕ್ಕದ ಮನೆಗಳಲ್ಲಿ ಬಿದ್ದವು,
ದಶಮಾಂಶದಾಚೆ ಎರಡೆರಡು ಸ್ಥಾನಕ್ಕೆ.

ಚಹಾಕ್ಕೆ ನೀರಿಟ್ಟು ನಿಂತಾಗ ಹೊಳೆಯಿತು.
ಅವಳು ಹೇಳಿದ್ದು
ಕಾಲು.
ಏಡಿಯ ಕಾಲು.

ನೀರು ಕುದಿದು ಕುದಿದು ತಳ ಹಿಡಿಯಿತು.
ಇಕ್ಕುಳ ಬಿಟ್ಟರೆ ಒಂದಕ್ಕೆ ಎಂಟು,
ಮೂರಕ್ಕೆ ಇಪ್ಪತ್ತನಾಲ್ಕು.
ಎಷ್ಟು ಕಾಲು ಎಂದು ನಾನು ಕೇಳಲೇ ಇಲ್ಲ.

ಅಂಕಿ ಅಳಿಸಿದೆ. ಮನೆ ಖಾಲಿಯಾಯಿತು.
ಕರ್ಸರ್ ಅಲ್ಲೇ ಮಿನುಗುತ್ತಿದೆ.
ನಾಳೆ ಏಳೂವರೆ ಬಸ್ಸಿಗೆ ಹೋದರೂ
ಅವಳಿಗೆ ನೆನಪಿರುವುದು
ನಾಳೆಯ ನಿನ್ನೆ.