ಕೋರಂ

ತೀನ್ ಕಂದೀಲಿನ ಹಿಂದೆ ಮೆಟ್ಟಿಲಿಳಿದು ಹೋಗುವ ಮಳಿಗೆ.
ಮಷೀನು ಒಂದೇ, ಪತ್ರಿಕೆ ಎರಡು.
ರಾತ್ರಿ ಒಂಬತ್ತಕ್ಕೆ ಇಳಿಯುವುದು ಒಂದು ಪಕ್ಷದವರದು,
ಹನ್ನೊಂದಕ್ಕೆ ಏರುವುದು ಇನ್ನೊಂದರದು.
ನಡುವಿನ ಎರಡು ತಾಸು
ರೋಲರಿಗೆ ಸೀಮೆಎಣ್ಣೆ, ನನಗೆ ಚಹಾ.
ಎರಡಕ್ಕೂ ಪುಟ ಕಟ್ಟುವವಳು ನಾನೇ.
ಸಂಬಳವೂ ಎರಡು, ಅರ್ಧರ್ಧ.

ನಿನ್ನೆ ನಗರಸಭೆಯ ಸಾಮಾನ್ಯ ಸಭೆ
ನಾಲ್ಕನೆಯ ಸಲ ಮುಂದಕ್ಕೆ ಹೋಯಿತು.
ಹನ್ನೆರಡು ಮಂದಿ ಬೇಕಿತ್ತು, ಹನ್ನೊಂದು ಮಂದಿ ಬಂದಿದ್ದರು.
ಅಧ್ಯಕ್ಷರು ಗಡಿಯಾರ ನೋಡಿ, ಗಂಟಲು ಸರಿಮಾಡಿ
ಕೋರಂ ಇಲ್ಲ ಅಂದರು.
ಪೈಪ್‌ಲೈನಿನ ಕಡತ ಮತ್ತೆ ಕಪಾಟು ಸೇರಿತು.
ಸಮೋಸ ಮಾತ್ರ ಪೂರಾ ಖರ್ಚಾದವು.

ಚಾಂದ್‌ಪಾಷ ತಂದದ್ದು ಒಂದೇ ಫೋಟೊ, ಅಗಲದ್ದು,
ಬಾಗಿಲಿಂದ ಕಿಟಕಿಯತನಕ ಬರೀ ಕುರ್ಚಿ.
ಎಡದವರ ಖಾಲಿ ಎಡಕ್ಕೆ, ಬಲದವರ ಖಾಲಿ ಬಲಕ್ಕೆ.
ಬಂದವರಲ್ಲಿ ಹತ್ತು ಮಂದಿ ಆಗಲೇ ತಟ್ಟೆಯ ಕಡೆ ಎದ್ದಿದ್ದರು.
ನಟ್ಟನಡುವೆ ಒಬ್ಬಳು ಕೂತೇ ಇದ್ದಳು.

ಆರೂವರೆಗೆ ಮೊದಲ ಫೋನು:
"ಬಲಗಡೆದು ಹಾಕ್ರಿ ತಂಗಿ,
ಅವರ ಕುರ್ಚಿ ಎಷ್ಟು ಖಾಲಿ ಅದಾವ ಊರಿಗೆ ಗೊತ್ತಾಗ್ಲಿ."
ಮೌಸಿನ ಒಂದು ಎಳೆತ. ಬಲಗಡೆ ಉಳಿಯಿತು.
ಅವರ ಗೈರು, ಊರಿಗೆ ಬರ.
ಒಂಬತ್ತೂಕಾಲಿಗೆ ಇನ್ನೊಂದು ಫೋನು, ಅದೇ ಮಾತು,
ಬಲ ಇದ್ದಲ್ಲಿ ಎಡ.
ಇವರ ಹಟ, ಊರಿಗೆ ದಾಹ.
ಎರಡೂ ನಲವತ್ತೆಂಟು ಪಾಯಿಂಟಿನ ದಪ್ಪ ಅಕ್ಷರ.
ಕಾಗುಣಿತ ಮಾತ್ರ ನಾನು ತಪ್ಪಿಸಲಿಲ್ಲ.

ಇನ್ನೊಂದು ಫೋಟೊ ಇತ್ತು ಚಾಂದ್‌ಪಾಷನ ಕ್ಯಾಮೆರಾದಾಗ:
ನಗರಸಭೆಯ ಕೆಳಗಿನ ಚಹಾದಂಗಡಿ, ಅದೇ ಹೊತ್ತು.
ಬಾರದ ಸದಸ್ಯರು, ಎರಡೂ ಕಡೆಯವರು,
ಒಂದು ಪ್ಲೇಟು ಮಿರ್ಚಿಗೆ ಮೂರು ಕೈ.
"ಇದನ್ನ ಹಾಕ್ತೀಯೇನಕ್ಕ?"
ಸಾಹುಕಾರರು ಕನ್ನಡಕದ ಮೇಲಿಂದ ನೋಡಿದರು:
"ಇದ್ರಾಗ ತಪ್ಪು ಯಾರದು ಅಂತ ಕಾಣಂಗಿಲ್ಲ.
ಸುದ್ದಿ ಆಗಂಗಿಲ್ಲ."

ಎಲ್ಲರೂ ಅಷ್ಟೇ ಬಿಡು, ಒಂದೇ ಬಾಣಲೆಯವರು,
ಅಂದುಕೊಂಡು ಮನೆಗೆ ಹೋಗಿ ಮಲಗಿದೆ.
ಚಲೋ ನಿದ್ದೆ ಬಂತು.
ಅದೂ ಒಂದು ಶೀರ್ಷಿಕೆಯೇ.
ಯಾರೂ ಫೋನು ಮಾಡಿರಲಿಲ್ಲ,
ನಾನೇ ಹಾಕಿಕೊಂಡಿದ್ದೆ.

ಇವತ್ತು ಬೆಳಿಗ್ಗೆ ಹುಲಿಗೆಮ್ಮ ಬಂದಳು.
ಹತ್ತೊಂಬತ್ತನೆಯ ವಾರ್ಡು, ಹೊಲಿಗೆ ಯಂತ್ರದ ಗುರುತಿಗೆ ಗೆದ್ದವಳು,
ಎಡಕ್ಕೂ ಸಲ್ಲದೆ ಬಲಕ್ಕೂ ಸಲ್ಲದೆ.
ನಾಲ್ಕು ಸಭೆಗೂ ಹೋಗಿದ್ದಾಳೆ,
ರಿಜಿಸ್ಟರಿನಲ್ಲಿ ನಾಲ್ಕು ಸಲ, ನಿಧಾನಕ್ಕೆ, ಪೂರ್ತಿ ಹೆಸರು.
ಕೊಂಡು ತಂದ ಎರಡು ಪತ್ರಿಕೆ
ನನ್ನ ಟೇಬಲ್ಲಿನ ಮೇಲೆ ಅಂಚಿಗೆ ಅಂಚು ಹಚ್ಚಿ ಹಾಸಿದಳು.

ಒಂದರಲ್ಲಿ, ಚಿತ್ರ ಮುಗಿಯುವಲ್ಲಿ, ಹಸಿರು ಬಳೆಯ ಕೈ.
ಇನ್ನೊಂದರಲ್ಲಿ, ಶುರುವಾಗುವಲ್ಲಿ,
ಒಂದು ಮೊಣಕೈ, ಸೆರಗಿನ ತುದಿ.
ನಡುವೆ, ಮುಖ ಇರಬೇಕಾದಲ್ಲಿ,
ಎರಡು ಪತ್ರಿಕೆಯ ಮಾರ್ಜಿನ್ನು, ಬೆಳ್ಳಗೆ.

"ಇದು ನನ್ನ ಕೈ ಅಂದ್ರ ಓಣ್ಯಾಗ ಒಬ್ರೂ ನಂಬವಲ್ರು.
ನೀನೂ ಹೋಗಿಲ್ಲ ಅಂತಾರ.
ಟ್ಯಾಂಕರ್ ಹತ್ರ ನನ್ನ ಕಂಡ್ರ ಖಾಲಿ ಕೊಡ ಬಾರಸ್ತಾರ."
ಪೂರ್ತಿ ಫೋಟೊ ಬೇಕಿತ್ತು ಆಕೆಗೆ, ಒಂದು ಪ್ರತಿ.

ತೆಗೆದುಕೊಟ್ಟೆ. ಕೆಂಪು ಶಾಯಿ ತೀರಿತ್ತು,
ಮುಖ ತುಸು ನೀಲಿ ಬಂತು. ಕುರ್ಚಿಗಳು ಇದ್ದ ಹಾಗೇ.
ಬೆಳಕಿಗೆ ಹಿಡಿದು ನೋಡಿ,
"ಇರ್ಲಿ, ಗುರುತು ಹತ್ತತದ" ಅಂದಳು.
ಇಪ್ಪತ್ತು ರೂಪಾಯಿ, ಎರಡು ಮಡಿಕೆಯ ನೋಟು.
ಬೇಡ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ.

ಐದನೆಯ ಸಭೆ ಬುಧವಾರ, ಹನ್ನೊಂದಕ್ಕೆ.
ಎರಡೂ ಪತ್ರಿಕೆಗೆ ಶೀರ್ಷಿಕೆ ಈಗಲೇ ಬಂದಿವೆ.
ಖಾಲಿ ಬಿಟ್ಟಿರುವುದು ಫೋಟೊದ ಜಾಗ ಮಾತ್ರ,
ಮೂರು ಕಾಲಂ.