ನಲವತ್ತು ಗ್ರಾಂ

ಕುತೈಸಿಯ ಹಸಿರು ಸಂತೆಗೆ ವರ್ಷಕ್ಕೆರಡು ಸಲ
ಬರುತ್ತೇನೆ ನಾನು, ಬಗಲಲ್ಲಿ ಪೆಟ್ಟಿಗೆ.
ಒಳಗೆ ನೀಲಿ ಮಖಮಲ್ಲು, ಮಖಮಲ್ಲಿನ ಕುಳಿಗಳಲ್ಲಿ
ದೊಡ್ಡದರ ಪಕ್ಕ ಚಿಕ್ಕದು ಮಲಗಿದ ಹಿತ್ತಾಳೆಯ ಬಟ್ಟುಗಳು.
ಬೆರಳು ತಾಗಬಾರದು. ಬೆವರಿಗೂ ತೂಕವಿದೆ
ಎಂದು ಕಲಿಸಿದ್ದರು ತ್ಬಿಲಿಸಿಯ ಕಚೇರಿಯಲ್ಲಿ;
ಕೈಗವಸು ಹಾಕಿಯೇ ಎತ್ತಬೇಕು ಸತ್ಯವನ್ನು.

ಆವತ್ತು ಚೀಸಿನ ಸಾಲು ಮೊದಲು ಮುಗಿಸಿದೆ.
ಹನ್ನೊಂದು ತಕ್ಕಡಿ, ಹನ್ನೊಂದಕ್ಕೂ ಒಂದೇ ಮಾತು,
ಹನ್ನೊಂದೂ ಹತ್ತು ಗ್ರಾಂ ತಪ್ಪು.
ಒಬ್ಬನೇ ರಿಪೇರಿಯವನು, ಒಂದೇ ಸ್ಕ್ರೂಡ್ರೈವರು.
"ನಮ್ಮನಮ್ಮಲ್ಲಿ ತಾಳೆಯಾಗುತ್ತದಲ್ಲ, ಬಾತೋನೊ,
ಮತ್ತೇನು ಬೇಕು?" ಎಂದ ಗೆರೊಂತಿ.
ಉತ್ತರವಿತ್ತು ನನ್ನಲ್ಲಿ. ಬಾಯಿ ತೆರೆದರೆ
ಸುಲ್ಗುನಿಯ ತುಂಡೊಂದನ್ನು ಇಟ್ಟೇಬಿಟ್ಟ. ಉಪ್ಪುಪ್ಪು.

ಕೊನೆಯ ಮೂಲೆಯಲ್ಲಿ ಲಮಾರಾ, ಕಾಳುಕಡ್ಡಿಯವಳು.
ಒಂದು ಕಿಲೋ ಇಟ್ಟೆ. ಮುಳ್ಳು ನಡುಗಿ, ತಡೆದು,
ನಿಂತಿದ್ದು ಒಂಬೈನೂರ ಅರವತ್ತರ ಮೇಲೆ.

ಲೆಕ್ಕಕ್ಕಿಂತ ಮೊದಲೇ ಸಿಟ್ಟು ಬಂದುಬಿಟ್ಟಿತ್ತು,
ಕಿವಿ ಬಿಸಿಯಾಗಿತ್ತು. ಮುದುಕಿಯರ ಚೀಲ, ಮಕ್ಕಳ ಬಟ್ಟಲು
ಎಲ್ಲ ಕಣ್ಣೆದುರು. ಲೆಕ್ಕ ಬಂತು ಹಿಂದಿನಿಂದ, ತೇಕುತ್ತ:
ತಡಿ, ಇದು ಕಡಿಮೆ ತೋರಿಸುತ್ತದೆ.
ಕಳಕೊಳ್ಳುತ್ತಿರುವವಳು ಇವಳೇ.
ಕಾರಣ ಹೋದಮೇಲೆ ಸಿಟ್ಟೂ ಹೋಗಬೇಕಲ್ಲ?
ಹೋಗಲಿಲ್ಲ. ಬಾಡಿಗೆ ಕೊಡದವನ ಹಾಗೆ
ಕುತ್ತಿಗೆಯ ನರದಲ್ಲೇ ಕೂತು
ಇನ್ನೊಂದು ಕಾರಣ ಹುಡುಕತೊಡಗಿತು.

"ನಿಮ್ಮ ತಕ್ಕಡಿ ಸುಳ್ಳು ಹೇಳುತ್ತಿದೆ."
"ಗೊತ್ತು," ಎಂದಳು, ಕಾಳಿನಿಂದ ಕಲ್ಲು ಆರಿಸುತ್ತ.
"ಆರು ವರ್ಷದಿಂದ."

ಆಮೇಲೆ ಹೇಳಿದಳು, ನನಗಲ್ಲ, ಕಲ್ಲುಗಳಿಗೆ:
"ಕತ್ತಲ ವರ್ಷಗಳವು. ಕರೆಂಟಿಲ್ಲ, ಬ್ರೆಡ್ಡಿಗೆ ಸಾಲು.
ಮೇಣದಬತ್ತಿ ಹಚ್ಚಿಕೊಂಡು ಮಾರುತ್ತಿದ್ದೆ.
ತಟ್ಟೆಯಡಿ ಅಯಸ್ಕಾಂತ, ಕೋಟಿನ ಗುಂಡಿಯಷ್ಟು.
ಕಿಲೋಗೆ ನಲವತ್ತು ಗ್ರಾಂ, ಎರಡು ಚಳಿಗಾಲ.
ಮಗು ಕೆಮ್ಮುತ್ತಿತ್ತು ಎನ್ನಬಹುದು. ಕೆಮ್ಮುತ್ತಲೂ ಇತ್ತು.
ಆದರೆ ಕೆಮ್ಮು ನಿಂತ ಮೇಲೂ
ಅಯಸ್ಕಾಂತ ಅಲ್ಲೇ ಇತ್ತು."

"ಆವತ್ತು ಕೊಂಡವರು ಯಾರೋ, ಇವತ್ತಿನವರು ಯಾರೋ.
ಅರ್ಧ ಜನ ಪೋಲೆಂಡಿಗೆ ಹೋದರು,
ಉಳಿದರ್ಧ ಗುಡ್ಡದ ಮೇಲೆ, ಮಣ್ಣಿನಡಿ.
ಯಾರಿಗೆ ತೀರಿಸುತ್ತೀರಿ ಇದನ್ನು?"
"ಸಾಲಕ್ಕೊಂದು ಮುಖ ಇರಬೇಕು, ನಿಜ.
ನನ್ನದಕ್ಕಿಲ್ಲ. ಅದಕ್ಕೇ ಸಿಕ್ಕವರಿಗೆ ಕೊಡುತ್ತೇನೆ."

ಆ ವರ್ಷ ನಾನು ಒಂಬತ್ತರ ಹುಡುಗ.
ಮುಷ್ಟಿಯೊಳಗೆ ಕೂಪನ್ನು, ತರಬೇಕಾದ್ದು ಒಂದು ಕಿಲೋ ಕಾಳು.
ತಂದ ಚೀಲವನ್ನು ಅಮ್ಮ ಕೈಯಲ್ಲಿ ಎತ್ತಿ ನೋಡಿ
ಏನೋ ಅಂದಳು. ಹಗುರ ಅಂದಳೆ?
ಬೂಟು ಒದ್ದೆ ಅಂದಳೆ? ಕೇಳಲು ಅವಳಿಲ್ಲ.
ಇದೇ ಮೂಲೆಯೋ, ಬೇರೆ ಮೂಲೆಯೋ.
ಯಾರಿಗೂ ನೆನಪಿಲ್ಲದಿದ್ದರೂ
ನಡೆದದ್ದು ನಡೆದದ್ದೇ, ಇಲ್ಲದ್ದು ಇಲ್ಲ:
ಇಷ್ಟನ್ನು ನಂಬಿ ಸಂಬಳ ತಿನ್ನುತ್ತೇನೆ ನಾನು.

ಫಾರಮ್ಮಿನಲ್ಲಿ ಎರಡೇ ಚೌಕ: ಸರಿ, ತಪ್ಪು.
ತಪ್ಪಿಗೆ ಗುರುತು ಹಾಕಿದೆ.
ಸ್ಕ್ರೂ ತಿರುವಿದೆ. ಮುಳ್ಳು ಮೆಲ್ಲಗೆ
ಸಾವಿರಕ್ಕೆ ಬಂತು. ಸೀಸದ ಮುದ್ರೆ ಒತ್ತಿದೆ.
ಲಮಾರಾ ಏನೂ ಅನ್ನಲಿಲ್ಲ.
ಮನೆಯ ಬೀಗ ಬದಲಾಯಿಸಿದ್ದನ್ನು ನೋಡುವ ಹಾಗೆ ನೋಡಿದಳು.

ಚಪ್ಪಲಿಯ ಹೆಂಗಸೊಬ್ಬಳು ಬಂದಳು, ಅರ್ಧ ಕಿಲೋ ಕೆಂಪು ಕಾಳಿಗೆ.
ಐನೂರಕ್ಕೆ ನಿಂತಿತು ಮುಳ್ಳು, ಕೂದಲೆಳೆ ಆಚೀಚೆಯಿಲ್ಲ.
ಸುರಿದಾಯಿತು, ದುಡ್ಡೂ ಆಯಿತು.
ಆಗ ಮುದುಕಿಯ ಕೈ ಮೂಟೆಯೊಳಗಿಳಿದು
ಒಂದು ಹಿಡಿ ತುಂಬಿಕೊಂಡು, ತಟ್ಟೆಗಲ್ಲ,
ನೇರ ಆಕೆಯ ಚೀಲಕ್ಕೆ.
ಕೊಸರು.
"ಇದಕ್ಕೂ ಮುದ್ರೆ ಇದೆಯೇ, ಬಾತೋನೊ?"

ಸೇತುವೆಯ ಮೇಲೆ, ರಿಯೋನಿಯ ಬಿಳಿಗಲ್ಲುಗಳ ನೆತ್ತಿಗೆ
ಪೆಟ್ಟಿಗೆ ತೆರೆದು ನೋಡಿದೆ, ಯಾಕೋ.
ಕಿಲೋ ಬಟ್ಟಿನ ಭುಜಕ್ಕೆ ಹೆಬ್ಬೆಟ್ಟಿನ ಗುರುತು,
ಸುಳಿ ಸುಳಿಯಾಗಿ, ಇನ್ನೂ ಹಸಿ.
ಗವಸು ಬೆಳಗಿನಿಂದ ಜೇಬಿನಲ್ಲೇ ಇತ್ತು.

ಒರೆಸಲಿಲ್ಲ. ತ್ಬಿಲಿಸಿಗೆ ಹಾಗೇ ಕಳಿಸುತ್ತೇನೆ,
ಎಷ್ಟಿದೆಯೋ ನೋಡಲಿ.