ನೀರುಗಂಟಿಯ ರಿಜಿಸ್ಟರು

ವರ್ಷವಿಡೀ ನಾನು ತಿರುಗಿಸುವುದು ಒಂದೇ ವಾಲ್ವು.
ಮೇಲಿನ ಬೀದಿಗೆ ಇಪ್ಪತ್ತು ನಿಮಿಷ, ಕೆಳಗಿನದಕ್ಕೆ ಇಪ್ಪತ್ತು,
ಎರಡೂ ಕಡೆಯಿಂದ ಬೈಗುಳ.
ಈ ಸಲ ಕನ್ನಂಬಾಡಿ ಕಟ್ಟೆಯಲ್ಲಿ ತಿರುಗಿಸಿದರು ದೊಡ್ಡ ವಾಲ್ವು;
ಯಾರ ಬೀದಿಗೂ ಕಮ್ಮಿಯಾಗಲಿಲ್ಲ.

ಶ್ರೀರಂಗಪಟ್ಟಣದ ಹೈಸ್ಕೂಲಿನಲ್ಲಿ ಗಂಜಿ ಕೇಂದ್ರ.
ಒಂಬತ್ತನೇ ಬಿ ಸೆಕ್ಷನ್ನಿನಲ್ಲಿ ನಮ್ಮೂರು,
ಎದುರು ಕೋಣೆಯಲ್ಲಿ ಗಂಜಾಂನವರು,
ಕರಿಹಲಗೆ ಮೇಲೆ ಯಾರೂ ಬಿಡಿಸದ ಒಂದು ಲೆಕ್ಕ.
ನೂರಾ ಎಂಬತ್ತು ಜನ, ಎರಡು ಕಕ್ಕಸು,
ಒಂದಕ್ಕೆ ಚಿಲಕ ಇಲ್ಲ.
ಟ್ಯಾಂಕು ನೋಡಿಕೊಳ್ಳೋ ಕೆಲಸ ನನ್ನ ತಲೆಗೆ.

ಕಿಟಕಿಯಾಚೆ ಹೊಳೆ ಕಬ್ಬಿನ ತಲೆ ಸವರುತ್ತಾ ಹೋಗುತ್ತಿತ್ತು.
ಒಳಗೆ ಹೆಂಗಸರು
ಸಂಜೆ ನಾಲ್ಕಾದರೆ ಲೋಟ ಮುಟ್ಟುತ್ತಿರಲಿಲ್ಲ.
ಯಾಕವ್ವ ಅಂದೆ.
ನೂರುನ್ನೀಸಾ ನನ್ನ ಕಡೆ ನೋಡದೆ
ಆ ಬಾಗಿಲ ಕಡೆ ನೋಡಿದಳು.

ಎರಡನೆಯ ರಾತ್ರಿ ಕಾಳಿಂಗನ ಮೂರು ವರ್ಷದ ಕೂಸು
ಗಂಜಿ ಕಕ್ಕಿತು, ಆಮೇಲೆ ಬರೀ ನೀರು ಹೋಯಿತು.
ಸಿಸ್ಟರ್ ರೆಜಿನಾ ಸಣ್ಣ ಸೀಸೆಗೆ ಟ್ಯಾಂಕಿನ ನೀರು ಹಿಡಿದು
ಎರಡು ಹನಿ ಬಿಟ್ಟು ಟಾರ್ಚು ಹಾಕಿದರು.
"ಹಳದಿ ಬರ್ಬೇಕಿತ್ತು ಕಣಪ್ಪ."
ನೀರು ನೀರಾಗಿಯೇ ಇತ್ತು.

ಆಗ ನನ್ನ ರಿಜಿಸ್ಟರು ನೆನಪಾಯಿತು.
ಏಳು ವರ್ಷ, ದಿನಕ್ಕೊಂದು ಸಾಲು:
ಕ್ಲೋರಿನ್ ಹಾಕಲಾಗಿದೆ.
ತಿಂಗಳ ಕೊನೆಗೆ ಮೂವತ್ತೂ ಸಾಲು ಒಟ್ಟಿಗೇ ಬರೆಯುತ್ತಿದ್ದೆ,
ಬೇರೆ ಬೇರೆ ಪೆನ್ನಿನಲ್ಲಿ.
ಬ್ಲೀಚಿಂಗ್ ಮೂಟೆ ಪಂಪ್‌ಹೌಸಿನಲ್ಲಿ ಕಲ್ಲಾಗಿತ್ತು,
ಅದರ ಮೇಲೆ ಕೂತು ಬೀಡಿ ಸೇದುತ್ತಿದ್ದೆ.

ತಾಲ್ಲೂಕು ಕಚೇರಿ ಜೀಪಿನಲ್ಲಿ ಹೊಸ ಪುಡಿ ಬಂತು.
ಬಕೆಟ್ಟಿನಲ್ಲಿ ಕಲಸಿ, ತಿಳಿಯಾಗಲು ಬಿಟ್ಟು, ಬಸಿದು, ಸುರಿದು,
ಅರ್ಧ ಗಂಟೆ ಏಣಿ ಮೇಲೇ ಕಾದೆ.
ಕಣ್ಣು ಉರಿಯಿತು. ಪುಡಿಗೆ ಅಂದುಕೊಳ್ಳಿ.
ಸೀಸೆಗೆ ಹನಿ ಬಿದ್ದಾಗ
ಕೈ ತೊಳೆದ ಅರಿಸಿನದ ನೀರಿನಷ್ಟು, ತೆಳು ಹಳದಿ.

ಮೊದಲ ಲೋಟ ದೊಡ್ಡತಾಯಮ್ಮನಿಗೆ.
"ಥೂ, ಆಸ್ಪತ್ರೆ ವಾಸ್ನೆ ಕಣ್ಲಾ! ಹೊಳೆ ನೀರೇ ತಂದ್ಕೊಡು."
"ಹೊಳೆ ನಿನ್ ಅಡಿಗೆಮನೇಲೇ ಅದೆ ಕಣವ್ವ,
ಊರ್ನ ಕಕ್ಕಸ್ ಗುಂಡಿಗಳ್ನೆಲ್ಲ ಜೊತೇಲಿ ಕರ್ಕೊಂಡ್ ಬಂದದೆ."
ಒಂದು ಗುಟುಕು ಕುಡಿದು, ಮುಖ ಸಿಂಡರಿಸಿ,
ಉಳಿದದ್ದರಲ್ಲಿ ಕೈ ತೊಳೆದಳು.
ಅದೂ ಸರಿಯೇ.

ಸೈಕಲ್ಲಿನ ಕಡ್ಡಿ ಬಗ್ಗಿಸಿ
ಆ ಬಾಗಿಲಿಗೆ ಒಳಗಡೆ ಕೊಂಡಿ ಮಾಡಿದೆ.
ಅವತ್ತು ಕತ್ತಲಾದ ಮೇಲೂ
ನೂರುನ್ನೀಸಾ ಲೋಟ ಹಿಡಿದು ಬಂದಳು, ಎರಡು ಸಲ.

ಕೂಸನ್ನು ಮಂಡ್ಯ ಆಸ್ಪತ್ರೆಗೆ ಒಯ್ದಿದ್ದಾರೆ.
ಸುದ್ದಿ ಬಂದಿಲ್ಲ.
ಹಳೆ ರಿಜಿಸ್ಟರು ಹೊಳೆ ಪಾಲು;
ಯಾರ ನೋಟ್‌ಬುಕ್ಕೋ, ಕೊನೆಯ ಹಾಳೆ ಹರಿದುಕೊಂಡೆ.
ತಾರೀಕು ಬರೆದೆ. ಹೊತ್ತು ಬರೆದೆ.
ಪೆನ್ನು ನಿಲ್ಲಿಸಿ, ಎದ್ದು ಹೋಗಿ,
ಇನ್ನೊಂದು ಸಲ ಸೀಸೆ ಬೆಳಕಿಗೆ ಹಿಡಿದು ನೋಡಿ ಬಂದು
ಹಳದಿ, ಎಂದು ಬರೆದೆ.